ಟಿಕೆಟ್ ತಂದವನೇ ಮುದ್ದೆ ತೊಳಸಲಿ

ತುಮಕೂರು ಬಸ್ ನಿಲ್ದಾಣದಲ್ಲಿ ಕುಣಿಗಲ್ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಸಿನಿಮಾ ನೋಡಿಕೊಂಡು ಬಂದ ಅತ್ತೆ, ಸೊಸೆ. ಗುಬ್ಬಿಗೆ ಹೋಗುವವರು. ಇಬ್ಬರ ನಡುವೆ ಒಂದು ಚೀಲ ಇತ್ತು.

"ಕಾಮಿಡಿ ಅಂದಿದ್ನಲ್ಲೇ ನಿನ್ ಗಂಡ. ಅಪ್ಪ ಮಗನ ಮೇಲೆ ತಟ್ಟೆ ಎಸೆದಾಗ್ಲೂ ಥಿಯೇಟರಲ್ಲಿ ಒಬ್ರೂ ನಗಲಿಲ್ಲ."

"ನಿಮ್ ಮಗನ್ನೇ ಕೇಳಿ. ಆ ಸಿನಿಮಾದ ಮನೆಯೋರನ್ನ ನೋಡಾದ್ರೂ ನಾವಿಬ್ರು ಒಂದೇ ಒಲೇಲಿ ಅಡುಗೆ ಮಾಡ್ಲಿ ಅಂತ ಟಿಕೆಟ್ ತಂದ್ಕೊಟ್ರು."

"ಸಿನಿಮಾ ಪೂರ್ತಿ ಕಿತ್ತಾಡಿದ್ರು. ಕೊನೇಲಿ ಸೊಸೆ ಕಾಲಿಗೆ ಬಿದ್ಲು, ಎಲ್ರೂ ತಬ್ಕೊಂಡು ಫೋಟೋ ತೆಗೆಸ್ಕೊಂಡ್ರು. ಅಷ್ಟಕ್ಕೇ ಸರಿಹೋಯ್ತಾ?"

"ನಾನಂತೂ ಬೀಳಲ್ಲ ಅತ್ತೆ. ಈಗ್ಲೇ ಹೇಳ್ತಿದೀನಿ."

"ಬೀಳು ಅಂದ್ನಾ ನಾನು? ಹಂಗೇನಾದ್ರೂ ಬಿದ್ರೆ ನಿಂಗೇನೋ ಕಾಯಿಲೆ ಅನ್ಕೊಂಡು ಆಸ್ಪತ್ರೆಗೆ ಕರ್ಕೊಂಡ್ ಹೋಗ್ತೀನಿ."

"ಹಂಗಾದ್ರೆ ಒಲೆ?"

"ಬೇರೇನೇ. ನೀನು ಸಾರಿಗೆ ಬೆಲ್ಲ ಹಾಕೋದು ಬುಡಲ್ಲ, ನಾನು ಅದನ್ನ ತಿನ್ನಲ್ಲ."

"ಬಿಡಲ್ಲ."

"ಬುಡಬೇಡ. ಆದ್ರೆ ಇವತ್ತು ಎರಡು ಒಲೇನೂ ಹಚ್ಚೋದು ಬೇಡ. ಟಿಕೆಟ್ ತಂದೋನೇ ಮುದ್ದೆ ತೊಳಸ್ಲಿ."

"ಅವ್ರಿಗೆ ಬರಲ್ಲ."

"ಕಲೀಲಿ."

ಗುಬ್ಬಿ ಬಸ್ ಬಂತು. ಸೊಸೆ ಓಡಿಹೋಗಿ ಕಿಟಕಿಯಿಂದ ಇಬ್ಬರ ಸೀಟಿಗೆ ಕರ್ಚೀಫ್ ಎಸೆದಳು. ಅತ್ತೆ ಚೀಲ ಹೊತ್ತು ಜನರ ನಡುವೆ ನುಗ್ಗಿ ಹತ್ತಿದರು. ಅಷ್ಟರಲ್ಲಿ ಅಲ್ಲಿ ಯಾರೋ ಕೂತುಬಿಟ್ಟಿದ್ದ. ಅವನಿಗೆ ಅವರು ಹೇಳಿದ್ದು ಕೆಳಗಿದ್ದ ನನಗೂ ಕೇಳಿಸಿತು.

"ಏಳಪ್ಪ ಮೇಲೆ. ಅದು ನನ್ ಸೊಸೆ ಹಿಡಿದಿರೋ ಸೀಟು."