ಸಿಟ್ಟಿಗೆ ಮಾತ್ರೆ, ಕಾಲಿಗೆ ಚಪ್ಪಲಿ

ಬೆರಳಿಗೆ ಸೂಜಿ ಚುಚ್ಚಿಕೊಂಡಿದ್ದ ಹೊಲಿಗೆಯಾಕೆ ದವಾಖಾನೆಯ ಬೆಂಚಿನಲ್ಲಿ ಸರದಿ ಕಾಯುತ್ತಿದ್ದಳು. ಪಕ್ಕದಲ್ಲಿ ಇಬ್ಬರು ಹೆಂಗಸರ ಮಾತು. ಕೇಳಬಾರದೆಂದುಕೊಂಡರೂ ಅವಳ ಕಿವಿ ಅತ್ತಲೇ ಹೋಯಿತು.

“ಗರ್ಭ ನಿಲ್ಲಬಾರದು ಅಂತ ಮಾತ್ರೆ ಶುರು ಮಾಡಿದಾಗಿಂದ ಹೊಟ್ಟೆ ತೊಳಸುತ್ತೆ, ಅಕ್ಕ.”

“ಮೊದಮೊದಲು ಹಾಗೇ, ಆಮೇಲೆ ಸರಿಹೋಗುತ್ತೆ ಅಂತ ಡಾಕ್ಟರೇ ಹೇಳಿದ್ರಲ್ಲ?”

“ನಿಮ್ಮ ತಮ್ಮ ಕೇಳಬೇಕಲ್ಲ. ಡಬ್ಬಿಯೊಳಗಿನ ಚೀಟಿ ಓದಿಬಿಟ್ಟಿದ್ದಾರೆ.”

“ಓಹೋ, ಮಹಾ ಪಂಡಿತ! ಶಾಲೇಲಿ ಪುಸ್ತಕ ಮುಟ್ಟದವನು.”

“ನಾನು ಎದುರಾಡಿದ್ರೆ ಮಾತ್ರೆಯೇ ಹಾಗೆ ಮಾತಾಡಿಸೋದಂತೆ. ಲೋಟ ಕುಕ್ಕಿದ್ರೂ ಮಾತ್ರೆಯದೇ ಕಾಟವಂತೆ.”

“ಮಾತ್ರೆಗೆ ಮುಂಚೆ ಕುಕ್ಕಿದ್ದು?”

“ಅದು ನಮ್ಮಮ್ಮ ಕಲಿಸಿದ್ದಂತೆ.”

ಹಿರಿಯವಳು ಮೂಗು ಮುರಿದಳು. “ಅವನ ಮುಖ ಕಂಡ್ರೆ ನಂಗೂ ಸಿಟ್ಟು ಬರುತ್ತೆ. ನಾನ್ಯಾವ ಮಾತ್ರೆ ನುಂಗಿದೀನಿ?”

“ಈ ಕಾಲುನೋವಿಗೆ ಮಾತ್ರ ಹೊಸ ಚಪ್ಪಲಿ ಕಾರಣವಂತೆ.”

“ಯಾವ ಕಾಲು? ತೋರಿಸು.”

ಕಿರಿಯವಳು ಬಟ್ಟೆಯ ಅಂಚು ಸರಿಸಿದಳು. ಒಂದು ಮೀನಖಂಡ ಮಾತ್ರ ಊದಿ ಕೆಂಪಾಗಿತ್ತು.

“ಅಯ್ಯೋ, ಇದು ಚಪ್ಪಲಿಯಿಂದಾನಾ? ಕಾಲು ಊದಿದ್ರೆ ತಕ್ಷಣ ಡಾಕ್ಟರಿಗೆ ತೋರಿಸಿ ಅಂತ ಆ ಚೀಟೀಲಿ ಇರಲಿಲ್ವಾ?”

“ಇತ್ತೇನೋ. ಸಿಟ್ಟು ಅನ್ನೋ ಪದ ಸಿಕ್ಕಿದ ಮೇಲೆ ಅವರು ಮುಂದೆ ಓದಲೇ ಇಲ್ಲ.”

ಹಿರಿಯವಳು ಸರದಿಗಿರದಿ ನೋಡಲಿಲ್ಲ, ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ಹೊಲಿಗೆಯಾಕೆ ಕಾಲು ಹಿಂದೆಳೆದುಕೊಂಡು ದಾರಿ ಬಿಟ್ಟಳು. ಡಾಕ್ಟರ ಬಾಗಿಲು ತಳ್ಳುತ್ತ ಹಿರಿಯವಳು ಹೇಳಿದ್ದು ಇಷ್ಟು ಕೇಳಿಸಿತು:

“ಆ ಚಪ್ಪಲಿ ಜೋಪಾನ. ಸಂಜೆ ನನ್ನ ತಮ್ಮನಿಗೆ ಬೇಕಾಗುತ್ತೆ.”