ಬೆಕ್ಕಿಗೊಂದು ಇಂಟರ್‌ಫೆರಾನ್

ಪಶುವೈದ್ಯರ ಕೋಣೆಯ ಹೊರಗೆ ನನ್ನ ಪಕ್ಕದಲ್ಲಿ ಅಕ್ಕ-ತಂಗಿ ಕೂತಿದ್ದರು. ಅಕ್ಕನ ಮಡಿಲಲ್ಲಿ ಬುಟ್ಟಿ, ಅದರೊಳಗೆ ಕಾಯಿಲೆಯ ಬೆಕ್ಕು.

"ಬೆಕ್ಕಿಗೆ ಬಂದಿರೋ ಈ ರೆಟ್ರೋವೈರಸ್ ಅಂದ್ರೇನಕ್ಕಾ?"

"ಜೀವಕೋಶಕ್ಕೆ ನೆಂಟನ ಹಾಗೆ ಬಂದು, ಮನೆಪತ್ರದಲ್ಲೇ ಹೆಸರು ಸೇರಿಸ್ಕೊಳ್ಳುತ್ತೆ. ಆಮೇಲೆ ಓಡಿಸೋಕಾಗಲ್ಲ."

"ನಮ್ಮ ಭಾವನ ಹಾಗೆ."

"ಬಾಯ್ಮುಚ್ಚೇ!"

"ಮತ್ತೆ ಈ ಇಂಜೆಕ್ಷನ್ನು?"

"ಇಂಟರ್‌ಫೆರಾನು. ವೈರಸ್ ನುಗ್ಗಿದ ಕೋಶ ಇದನ್ನ ಹೊರಗೆ ಸುರಿಸಿ, ಅಕ್ಕಪಕ್ಕದವಕ್ಕೆ 'ಬಾಗಿಲು ಹಾಕ್ಕೊಳ್ರೋ' ಅಂತ ಕೂಗುತ್ತಂತೆ. ಇವಳಿಗೆ ಆ ಕೂಗು ಸಾಲ್ತಿಲ್ಲ, ಅದಕ್ಕೇ ಹೊರಗಿಂದ ಕೊಡ್ತಾರೆ."

"ಹಾಲು ತಡವಾದ್ರೆ ಬೀದಿಯನ್ನೇ ಎಬ್ಬಿಸೋಳಿಗೆ ಕೂಗು ಸಾಲ್ತಿಲ್ವಾ!"

ಅಕ್ಕ ನಗುತ್ತಲೇ ಕಣ್ಣೊರೆಸಿಕೊಂಡಳು.

"ಬದುಕ್ತಾಳಲ್ವೇನೇ?"

"ಸೂಜಿ ನೋಡಿ ನೀನು ಮೂರ್ಛೆ ಹೋಗದಿದ್ರೆ ಇಬ್ಬರೂ ಬದುಕ್ತೀರಿ. ಬುಟ್ಟಿ ಇಲ್ಲಿ ಕೊಡು."

ಒಳಗಿಂದ ಕರೆ ಬಂತು. ಬುಟ್ಟಿ ಹಿಡಿದು ತಂಗಿ ಮುಂದೆ, ಕಣ್ಮುಚ್ಚಿ ಅವಳ ತೋಳು ಹಿಡಿದು ಅಕ್ಕ ಹಿಂದೆ ಹೋದರು.