ಎಫಿ ಬರೆಯಬೇಕಾದ ಕಾರ್ಡು

ಫೈಫ್ ಕಡಲ ದಂಡೆಯ ನಮ್ಮ ಗಾಲ್ಫ್ ಕ್ಲಬ್ಬಿನಲ್ಲಿ ಸರದಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಇಶ್ಬೆಲ್ ತನ್ನ ಬಲಗೈ ನೀವಿಕೊಳ್ಳುತ್ತಿದ್ದಳು. ಜೊತೆಗೆ ಹಳೆಯ ಗೆಳತಿ, ಇವತ್ತಿನ ಎದುರಾಳಿ ಎಫಿ.

“ಲಕ್ವ ಹೊಡೆದ ಕೈ ಇದು. ಹಳೇ ಆಟ ನೋಡಿ ಕ್ಲಬ್ಬಿನೋರು ಹಾಕೋ ಹ್ಯಾಂಡಿಕ್ಯಾಪ್ ಲೆಕ್ಕದ ಪ್ರಕಾರ ಇವತ್ತೂ ನಾನೇ ಜೋರಂತೆ. ನಿಂಗೆ ಆರು ಹೊಡೆತ ಬಿಟ್ಟುಕೊಡಬೇಕಂತೆ.”

“ಸೆಕ್ರೆಟರಿಗೆ ಹೇಳ್ಲಿಲ್ವೇನೇ?”

“ಹೇಳ್ದೆ. ಕೊನೇ ಇಪ್ಪತ್ತು ಆಟದಲ್ಲಿ ಚೆನ್ನಾಗಿ ಆಡಿದ ಎಂಟು ಮಾತ್ರ ಲೆಕ್ಕಕ್ಕಂತೆ. ಆ ಎಂಟೂ ಕೈ ನೆಟ್ಟಗಿದ್ದಾಗ ಆಡಿದ್ದು.”

“ಆಡ್ತಾ ಹೋಗು, ಹಳೇವು ಒಂದೊಂದೇ ಬಿದ್ದುಹೋಗ್ತವೆ.”

“ಹೋಗ್ತವೆ. ಇವತ್ತಿನದು ಸೇರಿದ್ರೆ ಹೋದ ಮೇ ತಿಂಗಳದ್ದು ಹೋಗುತ್ತೆ.”

“ಆ ಗಾಳೀಲಿ ನಂಗೆ ಮಣ್ಣು ಮುಕ್ಕಿಸಿದ್ಯಲ್ಲ, ಅದಾ?”

“ಅದೇ.”

ಎಫಿ ಹೊಡೆತಗಳ ಲೆಕ್ಕ ಬರೆಯುವ ಖಾಲಿ ಕಾರ್ಡನ್ನು ಮಡಿಚಿ ಜೇಬಿಗೆ ಹಾಕಿಕೊಂಡಳು.

“ಹಾಗಾದ್ರೆ ಇವತ್ತಿನ ಆಟ ಬರೆಸೋದೇ ಬೇಡ ಬಿಡೇ. ಸುಮ್ನೆ ಆಡೋಣ.”

“ಬರೆಸದಿದ್ರೆ ಮೋಸ ಕಣೇ. ನನ್ನ ಕಾರ್ಡು ಬರೆಯೋಳು ನೀನು. ನಾನು ಹೊಡೆದಷ್ಟೂ ಬರಿ, ಒಂದೂ ಬಿಡಬೇಡ.”

ಅವರ ಹೆಸರು ಕೂಗಿದರು. ಇಶ್ಬೆಲ್ ಎದ್ದು ಮುಂದೆ ನಡೆದಳು. ಎಫಿ ಜೇಬುಗಳಲ್ಲೆಲ್ಲ ಪೆನ್ಸಿಲ್ ಹುಡುಕುತ್ತ ಹಿಂದೆ ಹೊರಟಳು. ಅದು ಅವಳ ಕೈಯಲ್ಲೇ ಇತ್ತು.